ಮಲ್ಲಿಗೆ ಬಳ್ಳಿಯ ನೀಲಿ ಗೆರೆ

ಹೋದ ವಾರ ಮನೆಯ ಗೇಟಿಗೆ ಬಣ್ಣ ಹೊಡೆಸಿದೆವು. ಬಣ್ಣ ಹೊಡೆದವರು ಟರ್ಪೆಂಟೈನಿನಲ್ಲಿ ಕುಂಚ ತೊಳೆದು, ಆ ತಗಡಿನ ಡಬ್ಬಿಯನ್ನು ಹಿತ್ತಲಲ್ಲೇ ಬಿಟ್ಟು ಹೋಗಿದ್ದರು. ಸಂಜೆ ಒಣಗಿದ ಬಟ್ಟೆ ತೆಗೆಯಲು ಹೋದಾಗ ವಾಸನೆ ಮೂಗಿಗೆ ಬಡಿಯಿತು. ಬಟ್ಟೆಗಳನ್ನು ಎದೆಗೆ ಅವುಚಿಕೊಂಡು ಹಾಗೇ ನಿಂತುಬಿಟ್ಟೆ.

"ಯಾಕ, ಏನಾತು?" ಎಂದರು ನಮ್ಮವರು.

"ಪೇಂಟರ್ ಚಾಚಾ," ಎಂದೆ. ಅವರು ಹೂಂ ಎಂದರು. ಅಷ್ಟು ಹೇಳಿದರೆ ಸಾಕು ನಮ್ಮಿಬ್ಬರಿಗೆ.

ನಮ್ಮವರಿಗೆ ನೌಕರಿಯಾಗಿ ಮೊದಲು ಬಾಡಿಗೆಗೆ ಹಿಡಿದ ಮನೆ ಕೂಡ್ಲಿಗಿಯಲ್ಲಿ, ಹೆದ್ದಾರಿಯಿಂದ ಎರಡು ಓಣಿ ಒಳಗೆ. ಗೋಡೆಗೆ ಗೋಡೆ ಹತ್ತಿದ ಪಕ್ಕದ ಮನೆ ಚಾಚಾ ಅವರದು. ಲಾರಿಗಳ ನಂಬರ್ ಪ್ಲೇಟು, ಹಿಂಬದಿಯ ಹೂಬಳ್ಳಿ, ಅಂಗಡಿಗಳ ಬೋರ್ಡು ಬರೆಯುವುದು ಅವರ ಕಸುಬು. ಅವರು ಓಣಿಯ ತಿರುವಿಗೆ ಬಂದರೆಂದರೆ ಮೊದಲು ಟರ್ಪೆಂಟೈನ್ ವಾಸನೆ ಬರುತ್ತಿತ್ತು, ಆಮೇಲೆ ಸೈಕಲ್ಲಿನ ಸದ್ದು, ಕೊನೆಗೆ ಅವರು. ಬಂದವರೇ ಸೀಮೆಎಣ್ಣೆಯಲ್ಲಿ ಕೈ ಉಜ್ಜಿ, ಸೋಪು ಹಚ್ಚಿ ತೊಳೆದು, ಲುಂಗಿ ಉಟ್ಟು, ಸಾಸರಿನಲ್ಲಿ ಚಹಾ ಹುಯ್ದುಕೊಂಡು ಕೂಡುತ್ತಿದ್ದರು. ಆ ಚಹಾ ಮುಗಿದ ಮೇಲೆ ಆ ಮನೆಯ ನಿಜವಾದ ದಿನ ಶುರುವಾಗುತ್ತಿತ್ತು.

ನಡುಮನೆಯಲ್ಲಿ ಈಚಲು ಚಾಪೆ. ಅದರ ಮೇಲೆ ಚಾಚಾ ಅವರ ಹೆಂಡತಿ, ನಮ್ಮ ಚಾಚಿ, ಒಂದು ಟ್ರಂಕು ತಂದಿಡುತ್ತಿದ್ದರು. ಅದರೊಳಗೆ ಬಣ್ಣಬಣ್ಣದ ದಾರದ ಲಡಿ, ಕುಪ್ಪಸದಿಂದ ಬಿಚ್ಚಿದ ಲೇಸು, ಒಡೆದ ಬಳೆಚೂರು, ಗುಂಡಿ, ಹುಣಸೆಬೀಜ, ಹಣೆಯ ಟಿಕಳಿ... ಏನು ಇಲ್ಲ ಅದರಲ್ಲಿ! ನಂಬರ್ ಪ್ಲೇಟಿಗೆ ಕತ್ತರಿಸಿ ಅಂಟಿಸುವ ರೇಡಿಯಂ ಸ್ಟಿಕರ್ ಬಂದು ಚಾಚಾ ಅವರ ಅರ್ಧ ಕೆಲಸ ಹೋಯಿತು. ಅದಕ್ಕೂ ಅವರು ಸಿಟ್ಟಾಗಲಿಲ್ಲ. ಆ ಸ್ಟಿಕರ್ ಅಂಗಡಿಯವರು ಬಿಸಾಡಿದ ಚೂರುಗಳನ್ನೇ ಚೀಲದಲ್ಲಿ ತುಂಬಿಕೊಂಡು ಬಂದು ಟ್ರಂಕಿಗೆ ಸುರಿದರು. ನನ್ನ ಮಗಳು ಆಗ ಇಷ್ಟುದ್ದ. ಅವಳು ರಟ್ಟಿನ ಮೇಲೆ ನವಿಲು ಬರೆದು, ಮೈಗೆ ಹುಣಸೆಬೀಜ, ಗರಿಗೆ ರೇಡಿಯಂ ಚೂರು ಅಂಟಿಸಿದಳು. ಚಾಚಾ ಅದರ ಮೇಲೆ ಟಾರ್ಚು ಬಿಟ್ಟು, "ನೋಡ್ರಿ, ಈ ನವಿಲು ಕತ್ತಲದಾಗ ಹೆದ್ದಾರಿ ದಾಟಿದ್ರೂ ಯಾವ ಲಾರಿನೂ ಹಾಯಂಗಿಲ್ಲ," ಎಂದಿದ್ದರು.

ಅವರಿಗೆ ಮೂರು ಜನ ಹೆಣ್ಣುಮಕ್ಕಳು. ದೊಡ್ಡವಳು ಕೊಟ್ಟೂರಿಗೆ, ನಡುವಿನವಳು ಹರಪನಹಳ್ಳಿಗೆ ಮದುವೆಯಾಗಿ ಹೋಗಿದ್ದರು. ಹಬ್ಬಕ್ಕೆ, ಬಾಣಂತನಕ್ಕೆ ಬಂದಾಗ ಅವರೂ ಚಾಪೆಗೆ ಸೇರುತ್ತಿದ್ದರು. ಸಣ್ಣವಳು ಮನೆಯಲ್ಲಿದ್ದಳು. ಬಟ್ಟೆಗೆ ಹಾಕುವ ನೀಲಿಯನ್ನು ನೀರಲ್ಲಿ ಕಲಸಿ, ಅಳಿಲಿನ ಕೂದಲಿನ ಸಣ್ಣ ಕುಂಚ ಅದ್ದಿ ಚಾಚಾ ಬಟ್ಟೆಯ ಮೇಲೆ ಬರೆಯುತ್ತಿದ್ದರು. ಅಚ್ಚು, ಕಾರ್ಬನ್ ಕಾಗದ ಏನೂ ಇಲ್ಲ. ಆ ಗೆರೆಯ ಮೇಲೆ ಹೆಂಗಸರು ಹೊಲಿಯಬೇಕು. ಹೊಲಿದು ಮುಗಿಸಿ ಒಂದು ಸಲ ಒಗೆದರೆ ನೀಲಿಯೆಲ್ಲ ಹೋಗಿ ದಾರ ಮಾತ್ರ ಉಳಿಯುತ್ತಿತ್ತು. ನನಗೆ ಸೀರೆಯ ಅಂಚು ಮಡಚಿ ಹೊಲಿಯುವುದು ಬಿಟ್ಟರೆ ಏನೂ ಗೊತ್ತಿರಲಿಲ್ಲ. ಸರಪಳಿ ಹೊಲಿಗೆ ಕಲಿತದ್ದು ಆ ಚಾಪೆಯ ಮೇಲೆಯೇ. ನಮ್ಮ ಮನೆಯ ಬುದ್ಧನ ಪಟದ ಹಿಂದೆ ಹಾಕಲೆಂದು ಚಾಚಾ ಅರಳಿ ಎಲೆಗಳ ಬಟ್ಟೆಯೊಂದನ್ನು ಬರೆದುಕೊಟ್ಟಿದ್ದರು. ಅದೇ ನನ್ನ ಮೊದಲ ಕೆಲಸ.

ಅವರದು ಒಂದೇ ಕಟ್ಟಳೆ. "ಗೆರಿ ನಂದು, ಸೂಜಿ ನಿಮ್ದು. ಸೂಜಿ ಗೆರಿ ಮ್ಯಾಲ ನಡೀಬೇಕು." ಒಮ್ಮೆ ಚಾಚಿ ತಮ್ಮ ಮನಸ್ಸಿಗೆ ಬಂದಂತೆ ಒಂದು ಎಲೆಯನ್ನು ಅಗಲ ಮಾಡಿ ಹೊಲಿದುಬಿಟ್ಟರು. ಚಾಚಾ ಬಟ್ಟೆ ಎತ್ತಿ ಹಿಡಿದು, "ಇದ್ಯಾರ ಎಲಿ? ನಾನು ವೀಳ್ಯದೆಲಿ ಬರದೀನಿ, ನೀ ಬಾಳಿ ಎಲಿ ಮಾಡೀದಿ. ಊಟಕ್ಕ ಕೂಡ್ಲೇನು?" ಎಂದರು.

"ಕೂಡ್ರಿ. ಹಗಲೆಲ್ಲಾ ಲಾರಿಗೆ ಹೂ ಬರೀತೀರಿ, ಮನಿ ಹೆಂಗಸಿಗೆ ಒಂದು ಮೊಳ ಹೂ ತರಾಕ ನೆನಪಿರೂದಿಲ್ಲ."

"ತಂದ್ರ ನಾಳಿಗೆ ಬಾಡ್ತೈತಿ. ಬರದ್ರ ಬಾಡೂದಿಲ್ಲ. ಯಾವುದು ಬೇಕು ಹೇಳು."

"ಎರಡೂ ಬೇಕು," ಎಂದರು ಚಾಚಿ, ಸೂಜಿಯಿಂದ ತಲೆ ಎತ್ತದೆ.

ಮಗಳು ಗಂಡನ ಮನೆಗೆ ಹೋಗುವಾಗ ಅಪ್ಪ ಬರೆದ, ಅಮ್ಮ ಅಕ್ಕತಂಗಿಯರು ಹೊಲಿದ ಒಂದು ಹಾಸುಬಟ್ಟೆ ಜೊತೆಗೆ ಹೋಗಬೇಕು. ಆ ಮನೆಯಲ್ಲಿ ಅದು ನಡೆದುಕೊಂಡು ಬಂದಿತ್ತು. ದೊಡ್ಡವಳಿಗೆ ಕನಕಾಂಬರ, ನಡುವಿನವಳಿಗೆ ದಾಳಿಂಬೆ. ಸಣ್ಣವಳಿಗೆ ಹಡಗಲಿಯ ಸಂಬಂಧ ಗಟ್ಟಿಯಾದಾಗ ಯಾವ ಹೂವೆಂದು ಯಾರೂ ಕೇಳಲೇ ಇಲ್ಲ. ಮಲ್ಲಿಗೆಗೆ ಹೆಸರಾದ ಹಡಗಲಿಗೆ ಹೋಗುವವಳಿಗೆ ಮಲ್ಲಿಗೆಯೇ.

ಆದರೆ ಅಷ್ಟೊತ್ತಿಗೆ ಚಾಚಾ ಅವರ ಕೈ ನಡುಗಲು ಶುರುವಾಗಿತ್ತು.

ಮೊದಲು ಸಾಸರಿನಲ್ಲಿ ಕಂಡಿತು. ಚಹಾ ತುಟಿಗೆ ಮುಟ್ಟುವ ಮೊದಲೇ ಅಂಗಿಯ ಮೇಲೆ ಚೆಲ್ಲುತ್ತಿತ್ತು. ಆಮೇಲೆ ಯಾರೋ ಲಾರಿಯವರು, "ಚಾಚಾ, ಈ ಎಂಟರ ಹೊಟ್ಟಿ ಯಾಕ ಹಿಂಗ ಸೊಟ್ಟಾತು?" ಎಂದರಂತೆ. ಕುಂಚದ ಕೂದಲು ಸರಿಯಿಲ್ಲವೆಂದು ಚಾಚಾ ದಾವಣಗೆರೆಯಿಂದ ಹೊಸ ಕುಂಚ ತರಿಸಿದರು. ಅದರಲ್ಲೂ ಹಾಗೇ ಆಯಿತು. ಬಳ್ಳಾರಿಯ ಡಾಕ್ಟರು ಗುಳಿಗೆ ಕೊಟ್ಟು, ಇದು ಹೋಗುವಂಥದ್ದಲ್ಲ, ಇಟ್ಟುಕೊಂಡೇ ಬಾಳಬೇಕು ಎಂದರು. ಬಸ್ಸಿಳಿದು ಬಂದ ಚಾಚಿ ನಮ್ಮ ಕಟ್ಟೆಯ ಮೇಲೆ ಕೂತು ನೀರು ಕೇಳಿ ಕುಡಿದರು. ಕುಡಿದ ಮೇಲೂ ಬಹಳ ಹೊತ್ತು ಚೊಂಬನ್ನು ಕೈಯಲ್ಲೇ ಹಿಡಿದುಕೊಂಡಿದ್ದರು.

ದೊಡ್ಡವಳು ಒಂದು ಉಪಾಯ ಹೇಳಿದಳು. "ಅಬ್ಬಾ, ನನ್ನ ಹಾಸಿನ ಮ್ಯಾಲ ಕಾಗದ ಇಟ್ಟು ತೆಕ್ಕೊಳ್ಳೋಣು. ಆಕಿಗೂ ಕನಕಾಂಬರನ ಇರ್ಲಿ."

"ನಿಂದು ನಿನಗ, ಆಕಿದು ಆಕಿಗ," ಎಂದರು ಚಾಚಾ. "ನಾನಿನ್ನೂ ಅದೀನಲ್ಲ."

ಒಂದು ಶುಕ್ರವಾರ ಮಧ್ಯಾಹ್ನ, ನಮಾಜು ಮುಗಿಸಿ ಬಂದು ಬರೆಯಲು ಕೂತರು. ನೆಲ ಒರೆಸಿ ಬಿಳಿ ಬಟ್ಟೆ ಹಾಸಿದ್ದರು. ಒಂದು ಅಂಚು ಸಣ್ಣವಳ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಚಾಚಾ ಎಡಗೈಯಿಂದ ಬಲಗೈಯ ಮಣಿಕಟ್ಟು ಬಿಗಿಹಿಡಿದು ಗೆರೆ ಎಳೆದರು. ಬಳ್ಳಿ ನೆಟ್ಟಗೆ ಹೊರಟು, ಸ್ವಲ್ಪ ದೂರ ಹೋಗಿ ಹಲ್ಲುಹಲ್ಲಾಯಿತು. ಮೊಗ್ಗಿನ ತುದಿಯಲ್ಲಿ ಗೆರೆಗಳು ಒಂದಕ್ಕೊಂದು ಸೇರಲೇ ಇಲ್ಲ. ಅವರು ಕುಂಚ ಎತ್ತಿ ನನ್ನತ್ತ ನೋಡಿದರು.

"ಬಿಗಿ ಹಿಡಿ ಬೇಟಿ. ಬಟ್ಟಿ ಅಳ್ಳಾಡಕತ್ತೈತಿ."

ಬಟ್ಟೆ ಎಲ್ಲಿ ಅಲುಗಾಡುತ್ತಿತ್ತು... ನಾನು ಇನ್ನೂ ಬಿಗಿಯಾಗಿ ಹಿಡಿದೆ. ಸಣ್ಣವಳೂ ಹಿಡಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಹೊತ್ತು ಇಳಿಯುವವರೆಗೂ ಬರೆದರು. ಹಣೆಯ ಬೆವರು ಬಟ್ಟೆಗೆ ಬೀಳದಂತೆ ಚಾಚಿ ಆಗಾಗ ಸೆರಗಿನಿಂದ ಒರೆಸುತ್ತಿದ್ದರು. ನಾಲ್ಕೂ ಅಂಚಿಗೆ ಬಳ್ಳಿ, ನಡುವೆ ಮಲ್ಲಿಗೆಯ ದಂಡೆ. ಎಲ್ಲ ನಡುಗುವ ಗೆರೆ. ಆದರೂ ಅದು ಮಲ್ಲಿಗೆಯೇ. ಗಾಳಿಗೆ ಸಿಕ್ಕ ಬಳ್ಳಿಯ ಹಾಗೆ ನನಗೆ ಕಂಡಿತು.

ಮರುದಿನ ಸಣ್ಣವಳು ಒಂದು ಮೂಲೆಯಿಂದ ಹೊಲಿಯಲು ಶುರು ಮಾಡಿದಳು. ಗೆರೆ ಎಲ್ಲೆಲ್ಲಿ ಹೊರಳಿತ್ತೋ ಸೂಜಿಯನ್ನೂ ಅಲ್ಲಲ್ಲೇ ಹೊರಳಿಸಿದಳು. ಚಾಚಿ ನೋಡಿ, ಕತ್ತರಿ ತಗೊಂಡು ಅಷ್ಟನ್ನೂ ಬಿಚ್ಚಿದರು.

"ಅಮ್ಮಿ, ಅಬ್ಬಾ ಬರದಂಗ ಇರ್ಲಿ," ಎಂದಳು ಅವಳು.

"ನೀ ಸುಮ್ಮನಿರು. ಅಲ್ಲಿ ಹೆಣ್ಮಕ್ಕಳೆಲ್ಲಾ ಬಿಚ್ಚಿ ಹಾಸಿ ನೋಡ್ತಾರ. ನಕ್ಕರ ಯಾರಿಗೆ ನಗ್ತಾರ, ನಿನಗೇನು? ನಿಮ್ಮ ಅಬ್ಬಾಗ ನಗ್ತಾರ."

ಅವಳು ಅತ್ತಳು, ಗೆರೆಯ ಸೊಟ್ಟು ತಿದ್ದಿ ಹೊಲಿಯಲು ಮತ್ತೆ ಸೂಜಿ ಹಿಡಿದಳು. ಅಕ್ಕಂದಿರು ಬಂದು ಸೇರಿಕೊಂಡರು. ನೀಲಿ ಗೆರೆ ಒಂದು ಕಡೆ, ಹಸಿರು ದಾರ ಇನ್ನೊಂದು ಕಡೆ. ದಾರ ಹದವಾಗಿ ಬಾಗಿ ಹೋಗುತ್ತಿತ್ತು, ಅದರ ಆಚೆ ಈಚೆ ಚಾಚಾ ಅವರ ಗೆರೆ ನಡುಗುತ್ತಾ ಇಣುಕುತ್ತಿತ್ತು. ನಾನು ದಿನಾ ಹೋಗಿ ಪಕ್ಕದಲ್ಲಿ ಕೂತು ದಾರ ಪೋಣಿಸಿ ಕೊಡುತ್ತಿದ್ದೆ. ಯಾರ ಮಾತು ಸರಿ ಎನ್ನಲಿ? ಅಮ್ಮನದೂ ಸರಿಯಿತ್ತು, ಮಗಳದೂ ಸರಿಯಿತ್ತು.

ಚಾಚಾ ಆಚೆ ಮಂಚದ ಮೇಲೆ ಕೂತಿರುತ್ತಿದ್ದರು. ಆಗಾಗ, "ಗೆರಿ ಮ್ಯಾಲ ಐತೇನು?" ಎನ್ನುತ್ತಿದ್ದರು.

"ಐತ್ರಿ," ಎನ್ನುತ್ತಿದ್ದರು ಚಾಚಿ.

ಮುಗಿದ ಮೇಲೆ ಅಂಗಳದಲ್ಲಿ ಒಗೆದರು. ನೀಲಿ ನೀರು ಬಚ್ಚಲ ಕಾಲುವೆಗುಂಟ ಹರಿದು ಓಣಿಗೆ ಹೋಯಿತು. ಹಾಸನ್ನು ಹಗ್ಗದ ಮೇಲೆ ಹರವಿದಾಗ ಓಣಿಯ ಹೆಂಗಸರು ಬಾಗಿಲಿಗೆ ಬಂದು ನಿಂತರು. ಬಿಳಿ ಬಟ್ಟೆಯ ಮೇಲೆ ಹಸಿರು ಬಳ್ಳಿ. ಮೊಗ್ಗು ಅಂದರೆ ಮೊಗ್ಗು. ಒಂದು ಕಡೆಯೂ ಸೊಟ್ಟಿಲ್ಲ. "ಚಾಚಾ ಕೈ ಎಲ್ಲಿ ಹೋಗೈತಿ, ಹಂಗ ಐತಿ ನೋಡ್ರಿ!" ಎಂದರು ಯಾರೋ.

ಚಾಚಾ ಮಂಚದಿಂದ ಎದ್ದು ಬಂದರು. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಿಧಾನಕ್ಕೆ ನೋಡಿದರು.

"ಚಲೋ ಆಗೈತಿ," ಎಂದರು. ಒಂದು ಮೊಗ್ಗಿನ ತುದಿ ಮುಟ್ಟಿ, "ಯಾರು ಬರದದ್ದು?" ಎಂದರು.

"ನೀವ ಬರದದ್ರಿ. ಮತ್ಯಾರು?" ಎಂದರು ಚಾಚಿ.

"ಹೌದೇನು," ಎಂದು ಒಳಗೆ ಹೋದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನಿಸುತ್ತದೆ.

ಮದುವೆಯ ದಿನ ಹಡಗಲಿಯ ಹೆಂಗಸರು ಹಾಸು ಬಿಚ್ಚಿ ಬಾಯಿತುಂಬ ಹೊಗಳಿದರು. ತಂದೆ ಬರೆದದ್ದು ಎಂದು ಗೊತ್ತಾಗಿ, ಬೀಗರು ಚಾಚಾ ಅವರ ಹತ್ತಿರ ಬಂದು ಹೇಳಿದರು. ಚಾಚಾ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿದರು. ಎದೆಯ ಮೇಲಿನ ಆ ಕೈ ನಡುಗುತ್ತಲೇ ಇತ್ತು.

ಆಮೇಲೆ ಅವರು ಕುಂಚ ಮುಟ್ಟಲಿಲ್ಲ. ಸಂಜೆ ಚಾಪೆ ಹಾಸಿದರೂ ಮಂಚ ಬಿಟ್ಟು ಇಳಿಯುತ್ತಿರಲಿಲ್ಲ. ನನ್ನ ಮಗಳು ರಟ್ಟು ಹಿಡಿದುಕೊಂಡು ಹೋಗಿ, "ತಾತಾ, ಕುದುರಿ ಬರದುಕೊಡ್ರಿ," ಎಂದರೆ, "ನಿನ್ನ ಕೈ ಚಲೋ ಐತಿ ಬೇಟಾ, ನೀನ ಬರಿ," ಎನ್ನುತ್ತಿದ್ದರು. ಅವಳು ಬರೆದ ಕುದುರೆಯನ್ನು ನೋಡಿ ಮೆಚ್ಚುತ್ತಿದ್ದರು. ಅದು ಕತ್ತೆಯಂತಿದ್ದರೂ ಮೆಚ್ಚುತ್ತಿದ್ದರು. ಮೊದಲಿನಂತೆ ನಗೆಯಾಡುತ್ತಿರಲಿಲ್ಲ, ಅಷ್ಟೇ.

ಒಂದು ದಿನ ಅಕ್ಕಿ ಆರಿಸುತ್ತಾ ಕೂತಿದ್ದಾಗ ಚಾಚಿ ಇದ್ದಕ್ಕಿದ್ದಂತೆ, "ಏನು ಮಾಡಬೇಕಾಗಿತ್ತು ಬೇಟಿ? ನೀನರ ಹೇಳು," ಎಂದರು. ನಾನು ಅಕ್ಕಿಯೊಳಗಿನ ಕಲ್ಲು ಹುಡುಕುತ್ತಾ ಕೂತೆ.

ನಮಗೆ ಹಗರಿಬೊಮ್ಮನಹಳ್ಳಿಗೆ ವರ್ಗವಾಯಿತು. ಇಲ್ಲೇ ಮನೆ ಕಟ್ಟಿಕೊಂಡೆವು. ಚಾಚಾ ತೀರಿಕೊಂಡ ಸುದ್ದಿ ಫೋನಿನಲ್ಲಿ ಬಂತು. ಮಣ್ಣಿಗೆ ಹೋಗಿ ಬಂದೆವು. ಚಾಚಿ ಈಗ ಕೊಟ್ಟೂರಿನಲ್ಲಿ ದೊಡ್ಡ ಮಗಳ ಮನೆಯಲ್ಲಿದ್ದಾರೆ. ಕೂಡ್ಲಿಗಿಯ ಆ ಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ.

ಸಣ್ಣವಳು ಬಂದು ಹೋಗಿ ಇನ್ನೂ ತಿಂಗಳಾಗಿಲ್ಲ. ಹಡಗಲಿಯ ಬಸ್ಸಿಳಿದು, ಒಂದು ಕೈಯಲ್ಲಿ ಹೂವಿನ ಪೊಟ್ಟಣ, ಇನ್ನೊಂದರಲ್ಲಿ ಬಟ್ಟೆಯ ಗಂಟು ಹಿಡಿದು ಬಂದಳು. ಅವಳಿಗೂ ಈಗ ಕಿವಿಯ ಪಕ್ಕದ ಕೂದಲು ಬೆಳ್ಳಗಾಗಿದೆ. ಚಹಾ ಕುಡಿದ ಮೇಲೆ ಗಂಟು ಬಿಚ್ಚಿ ಹಾಸನ್ನು ನಮ್ಮ ನಡುಮನೆಯಲ್ಲಿ ಹರವಿದಳು. ಬಟ್ಟೆ ಮೆತ್ತಗಾಗಿತ್ತು. ಹಸಿರು ಸ್ವಲ್ಪ ಮಾಸಿತ್ತು.

"ಅಕ್ಕಾ, ನಮ್ಮ ಅಕ್ಕಂದಿರ ಹಾಸಿನಾಗ ದಾರದ ಕೆಳಗ ಅಬ್ಬಾ ಅದಾನ. ಅವರು ಬಳ್ಳಿ ಮ್ಯಾಲ ಕೈ ಆಡಿಸಿದ್ರ ಅಬ್ಬಾನ ಕೈ ಹೋದ ದಾರಿನ ಅದು. ನಂದ್ರಾಗ ಎಲ್ಲಿ ಅದಾನ? ತಿರುವಿ ನೋಡಿದೆ, ಬಿಸಿಲಿಗೆ ಹಿಡದು ನೋಡಿದೆ. ಒಂದು ಚೂರು ನೀಲಿ ಉಳಿದಿಲ್ಲ."

ನಾನು ಹಾಸಿನ ಮೂಲೆಯ ಸುಕ್ಕು ಬಿಡಿಸಿದೆ.

"ಅಮ್ಮಿನ್ನ ಕೇಳಿದ್ರ ಮಾರಿ ತಿರುವತಾಳ. ಅಕ್ಕಂದಿರು ಮರತೀವಿ ಅಂತಾರ. ನೀವು ದಿನಾ ಪಕ್ಕಕ್ಕ ಕುಂತಿದ್ರಿ, ಗೆರಿನೂ ನೋಡೀರಿ, ದಾರನೂ ನೋಡೀರಿ. ಎಲ್ಲಿ ನಡುಗಿತ್ತು ತೋರಸ್ರಿ ಅಕ್ಕಾ. ಒಂದ ಬಳ್ಳಿ ಸಾಕು. ಬಿಚ್ಚಿ ಅಬ್ಬಾ ಬರದಂಗ ಹೊಲಕೋತೀನಿ."

ಚೀಲದಿಂದ ಸೂಜಿ, ಹಸಿರು ದಾರ ತೆಗೆದಳು. ದಾರದ ತುದಿಯನ್ನು ನಾಲಿಗೆಗೆ ತಾಗಿಸಿ ಪೋಣಿಸಿಕೊಂಡು ಕಾಯುತ್ತಾ ಕೂತಳು.

ನಾನು ಕನ್ನಡಕ ಹಾಕಿಕೊಂಡೆ. ಬಾಗಿಲ ಕಡೆಯ ಅಂಚಿನ ಬಳ್ಳಿಯ ಮೇಲೆ ಬೆರಳಿಟ್ಟು, ಬುಡದಿಂದ ನಿಧಾನಕ್ಕೆ ಹೊರಟೆ. ಚಾಚಾ ಅವರ ಮಣಿಕಟ್ಟು ನೆನಪಿದೆ. ಬೆವರು ನೆನಪಿದೆ. ಗೆರೆ ಹಲ್ಲುಹಲ್ಲಾದದ್ದು ನೆನಪಿದೆ. ಎಲ್ಲಿ ಎಂಬುದು ಮಾತ್ರ... ಬೆರಳು ಒಂದು ಎಲೆ ದಾಟಿತು, ಒಂದು ಮೊಗ್ಗು ದಾಟಿತು. ದಾರ ಅಷ್ಟು ಹದವಾಗಿ ಬಾಗಿತ್ತು, ಬೆರಳನ್ನು ತಾನೇ ಮುಂದೆ ಮುಂದೆ ಕರೆದೊಯ್ಯುತ್ತಿತ್ತು. ಸುಮ್ಮನೆ ಎಲ್ಲೋ ಒಂದು ಕಡೆ ನಿಲ್ಲಿಸಿ "ಇಲ್ಲಿ" ಎನ್ನಬಹುದಿತ್ತು. ಅವಳು ನಂಬುತ್ತಿದ್ದಳು. ಆದರೆ ಅದು ನಾನು ಎಳೆದ ಗೆರೆಯಾಗುತ್ತಿತ್ತು.

ಬೆರಳು ಅಂಚಿನ ಕೊನೆ ಮುಟ್ಟಿತು.

"ನೆನಪಿಲ್ಲವ್ವಾ," ಎಂದೆ.

ಅವಳು ತಲೆ ಅಲ್ಲಾಡಿಸಿದಳು. ಸೂಜಿಯಿಂದ ದಾರ ಎಳೆದು ತೆಗೆದು, ಮತ್ತೆ ಲಡಿಗೆ ಸುತ್ತತೊಡಗಿದಳು.