ತಮ್ಮನ ಹಡಗು, ನನ್ನ ಚಹಾ

ದೂರದೇಶದ ರೊಟೊಟೂನ ಎಂಬ ಊರಿನ ನಮ್ಮ ಮನೆಯಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದಾಗ ತಮ್ಮನ ಫೋನ್ ಬಂತು. ಅವನು ಭಾರತದ ನೌಕಾಪಡೆಯ ಅಧಿಕಾರಿ. ಅಂತರ್ಯುದ್ಧ ನಡೆದಿದ್ದ ದೇಶವೊಂದರಿಂದ ನಮ್ಮ ಜನರನ್ನು ಹಡಗಿನಲ್ಲಿ ಕರೆತರಲು ಹೋಗಿದ್ದ. ಅವನ ದನಿ ಕೇಳುವವರೆಗೆ ಚಹಾ ಮುಟ್ಟುವುದಿಲ್ಲವೆಂದು ನಾನು ಮನೆದೇವರಿಗೆ ಹರಕೆ ಹೊತ್ತಿದ್ದೆ.

"ಅಕ್ಕಾ, ಬಂದರು ಬಿಟ್ವಿ. ಎಲ್ಲಾರೂ ಆರಾಮ್ ಅದೀವಿ," ಎಂದ.

ನನ್ನ ತಪಸ್ಸಿನಿಂದಲೇ ಹಡಗು ತೇಲುತ್ತಿದೆ ಎಂಬಂತೆ, ಮೊದಲು ಹರಕೆಯ ಸಂಗತಿಯನ್ನೇ ಹೇಳಿದೆ.

ಯಜಮಾನರು ಫೋನಿನತ್ತ ಬಾಗಿ, "ಹಂಗ ಇತ್ಲಾಗ ಬಂದು ನನ್ನೂ ಹತ್ತಿಸ್ಕೋರಪಾ. ಚಹಾ ಬಿಟ್ಟಾಗಿಂದ ನಿಮ್ಮಕ್ಕ ಇಲ್ಲೇ ಯುದ್ಧ ಹೂಡ್ಯಾಳ," ಎಂದರು.

ತಮ್ಮ ಜೋರಾಗಿ ನಕ್ಕ. ಆ ನಗು ಕೇಳಿ ಕಣ್ಣು ತುಂಬಿತು. ಸಿಡುಕುತ್ತಾ ಮಾಡಿದ ಭಕ್ತಿಯನ್ನೂ ದೇವರು ಒಪ್ಪಿಕೊಂಡಿದ್ದ. ಹಂಚಿನ ಮೇಲೆ ಕರಕಲಾದ ರೊಟ್ಟಿಯನ್ನು ತೆಗೆದಿಟ್ಟು, ಇಬ್ಬರಿಗೂ ಚಹಾಕ್ಕೆ ನೀರಿಟ್ಟೆ.