ಮಾಗ ಅಲ್ಲ, ಮ್ಯಾಗ

ನನಗೆ ಸಂಶಯ ಜಾಸ್ತಿ. ಮಿರಜ ಸೀಮೆಯ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಕಲಿಸಿದವಳು ನಾನು. ಹುಡುಗನ ಉತ್ತರ ಸರಿಯಾಗಿದ್ದರೆ, ಯಾರದನ್ನು ನೋಡಿ ಬರೆದ ಎಂದು ಮೊದಲು ಹುಡುಕುತ್ತಿದ್ದೆ. ನಿವೃತ್ತಿಯಾದ ಮೇಲೆ ಶಾಲೆ ಬಿಟ್ಟಿತು, ಚಾಳಿ ನನ್ನ ಜೊತೆ ಮನೆಗೆ ಬಂತು.

ಹೋದ ಬೇಸಿಗೆಯಲ್ಲಿ ಮಗ ಒಂದು ಕೂಲರ್ ಕೊಂಡ. ಗಾಳಿ ಬೀಸುವ ಕೂಲರ್ ಅಲ್ಲ. ಕೋಲ್ಡ್ರಿಂಕ್ ಅಂಗಡಿಯಲ್ಲಿ ಇರುತ್ತದಲ್ಲ, ಗಾಜಿನ ಬಾಗಿಲಿನ ಫ್ರಿಜ್ಜು, ಅದರದೇ ಸಣ್ಣ ಮರಿ. ಕುಪವಾಡ ಎಂಐಡಿಸಿಯ ಕಾರ್ಖಾನೆಯಲ್ಲಿ ಅವನಿಗೆ ಭಟ್ಟಿಯ ಮುಂದಿನ ಕೆಲಸ; ಮನೆಗೆ ಬಂದ ಕೂಡಲೇ ತಣ್ಣನೆ ಮಜ್ಜಿಗೆ ಬೇಕು.

ಸೊಸೆ ಸಮಡೋಳಿಯ ಮರಾಠಿ ಮನೆಯವಳು, ಆಗ ಮದುವೆಯಾಗಿ ಆರು ತಿಂಗಳು. ನನ್ನ ಕೂಡ ಕನ್ನಡವನ್ನೇ ಮಾತಾಡಬೇಕೆಂದು ಅವಳಿಗೆ ಕಟ್ಟಳೆ ಹಾಕಿದ್ದೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗನಿಗೆ ಕನ್ನಡ ತಿಳಿಯುತ್ತದೆ, ಬಾಯಿ ತೆರೆದರೆ ಬರುವುದು ಮಾತ್ರ ಮರಾಠಿ. ಇವಳಾದರೂ ಕಲಿತರೆ ಈ ಮನೆಯಲ್ಲಿ ಕನ್ನಡ ನನ್ನ ಜೊತೆಗೇ ಮುಗಿಯುವುದಿಲ್ಲ ಎಂಬ ಆಸೆ ನನಗೆ. ಪಾಪ, ಕಲಿಯುತ್ತಲೂ ಇದ್ದಳು. ಕನ್ನಡ ಸಾಲದ ಕಡೆ ಮರಾಠಿ ಶಬ್ದ ತುರುಕಿ ಹೇಗೋ ಮಾತು ಮುಗಿಸುತ್ತಿದ್ದಳು, ನಾನು ತಿದ್ದುತ್ತಿದ್ದೆ.

ಕೂಲರ್ ಬಂದ ದಿನ ನಾನು ಸ್ನಾನಕ್ಕೆ ಹೋಗಿದ್ದೆ. ತಂದವನು ಇಳಿಸಿ, ಸೊಸೆಗೆ ಏನೋ ಹೇಳಿ ಹೋಗಿದ್ದ. ನಾನು ಹೊರಬಂದ ಕೂಡಲೇ ಅವಳು ವರದಿ ಒಪ್ಪಿಸಿದಳು.

"ಅತ್ತಿ, ಮಾಗ ಜಾಗಾ ಬಿಡಬೇಕಂತ್ರಿ. ಇಲ್ಲಂದ್ರ ಮಶಿನ್ ಗರಂ ಆಗ್ತೈತಂತ."

"ಮಾಗ ಅಲ್ಲವಾ, ಮ್ಯಾಗ," ಎಂದೆ. "ಮ್ಯಾಗ ಅನ್ನು ನೋಡೂಣು."

"ಮ್ಯಾಗ," ಅಂದಳು.

ಮ್ಯಾಗ ಅಂದರೆ ನಮ್ಮ ಕಡೆ ಮೇಲೆ. ಕೂಲರಿನ ಮೇಲೆ ಹಾಸಲು ತೆಗೆದಿಟ್ಟಿದ್ದ ಕಸೂತಿಯ ಬಟ್ಟೆಯನ್ನು ವಾಪಸು ಟ್ರಂಕಿಗೆ ಹಾಕಿದೆ. ಮೇಲೆ ಒಂದು ಬೆಂಕಿಪೆಟ್ಟಿಗೆಯನ್ನೂ ಇಡಗೊಡಲಿಲ್ಲ. ಅಡುಗೆಮನೆ ಇಕ್ಕಟ್ಟು, ಅದಕ್ಕೆ ಕೂಲರನ್ನು ಗೋಡೆಗೆ ತಾಗಿಸಿ ನಿಲ್ಲಿಸಿದೆ.

ಹದಿನೈದು ದಿನಕ್ಕೆ ಮಜ್ಜಿಗೆ ತಣ್ಣಗಾಗುವುದು ನಿಂತಿತು. ಮಶೀನು ಒಂದೇ ಸಮನೆ ಗುಂಯ್‌ಗುಡುತ್ತಿತ್ತು, ಪಕ್ಕದ ತಗಡು ಮುಟ್ಟಿದರೆ ಬಿಸಿ. ಬಾಗಿಲಿನ ರಬ್ಬರ್ ಸಡಿಲಾಗಿರಬಹುದೆಂದು ಒಂದು ಕಾಗದ ಸಿಕ್ಕಿಸಿ ಎಳೆದು ನೋಡಿದೆ, ಬಿಗಿಯಾಗಿಯೇ ಇತ್ತು. ವಾಯರು, ಪ್ಲಗ್ಗು ಎಲ್ಲ ನೆಟ್ಟಗಿದ್ದವು. ಹಾಗಾದರೆ ದೋಷ ಯಂತ್ರದ್ದಲ್ಲ, ಮನುಷ್ಯರದು ಎಂದು ತೀರ್ಮಾನಿಸಿದೆ. ಮನೆಯಲ್ಲಿ ಹಗಲು ಇರುವವರು ಇಬ್ಬರೇ. ನಾನಂತೂ ಅಲ್ಲ.

ನಾನು ಮಧ್ಯಾಹ್ನ ಮಲಗಿದಾಗ ಇವಳು ಬಾಗಿಲು ತೆರೆದು ತಂಪಿಗೆ ಮೈಯೊಡ್ಡುತ್ತಾಳೋ, ಗುಂಡಿ ತಿರುಗಿಸುತ್ತಾಳೋ? ಗುಂಡಿ ಎಲ್ಲಿದೆಯೆಂದು ಕುಂಕುಮದಿಂದ ಗುರುತು ಹಾಕಿದೆ. ಮಲಗುವ ಮುಂಚೆ ಬಾಗಿಲ ಸಂದಿಗೆ ಅಡ್ಡವಾಗಿ ಒಂದು ನೂಲೆಳೆ ಅಂಟಿಸಿದೆ. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದೆ. ಕುಂಕುಮ ಅಳಿಸಲಿಲ್ಲ, ನೂಲು ಕಡಿಯಲಿಲ್ಲ. ಅದರಿಂದ ನನ್ನ ಸಂಶಯವೇನೂ ಕಡಿಮೆಯಾಗಲಿಲ್ಲ; ಹುಡುಗಿ ಬಲು ಜಾಣೆ ಅನ್ನಿಸಿತು, ಅಷ್ಟೇ.

ಒಂದು ದಿನ ನಿದ್ದೆಯಿಂದ ಎದ್ದು ನೋಡುತ್ತೇನೆ, ಕೂಲರ್ ಗೋಡೆಯಿಂದ ಒಂದು ಗೇಣು ಮುಂದೆ ಬಂದಿದೆ. ಸಿಕ್ಕಿಬಿದ್ದಳು ಅಂದುಕೊಂಡೆ. ನಡು ನೋಯುವಂತೆ ತಳ್ಳಿ ಮತ್ತೆ ಗೋಡೆಗೆ ತಾಗಿಸಿ, ಅವಳನ್ನು ಕರೆದೆ.

"ಇದನ್ನ ಯಾಕ ಎಳದಿ?"

"ಮ್ಯಾಗ ಜಾಗಾ ಇಲ್ಲರಿ ಅತ್ತಿ, ಅದಕ್ಕ..."

"ಮ್ಯಾಗ ಏನೈತಿ? ಬೋಳ ತಲಿ ಇದ್ದಂಗ ಐತಿ! ನನ್ನ ಕಣ್ಣಾಗ ಮಣ್ಣ ಹಾಕ್ತೀ ಏನ? ಸುಳ್ಳ ಹೇಳೂದನ್ನ ಕನ್ನಡದಾಗ ಭಾಳ ಲಗೂ ಕಲ್ತಿ ನೋಡು."

ಅವಳು ಕೂಲರಿನ ಮೇಲ್ಭಾಗ ನೋಡಿದಳು, ನನ್ನ ಮುಖ ನೋಡಿದಳು. ಒಳಗೆ ಹೋದಳು. ಅಂದಿನಿಂದ ನನ್ನ ಯಾವ ಮಾತಿಗೂ "ಹೋ, ಆಯಿ" ಎಂಬ ಮರಾಠಿಯ ಉತ್ತರವೇ ಬಂತು. ಅತ್ತಿ ಅನ್ನುವುದೂ ನಿಂತಿತು. ಮನೆಯಲ್ಲಿ ಕನ್ನಡ ಮಾತಾಡುವವಳು ಮತ್ತೆ ನಾನೊಬ್ಬಳೇ ಆದೆ. ತಪ್ಪು ಮಾಡಿದವಳಿಗೆ ಇಷ್ಟು ಸಿಟ್ಟೇ ಎಂದು ನಾನೂ ಬಿಗಿದುಕೊಂಡೆ. ಆದರೆ ಸಂಕಟವಾಗುತ್ತಿತ್ತು.

ವಾರದ ಮೇಲೆ ಮಗ ರಿಪೇರಿಯವನನ್ನು ಕಳಿಸಿದ. ಇವರೆಲ್ಲ ಗ್ಯಾಸ್ ಹೋಗಿದೆ ಎಂದು ಟೋಪಿ ಹಾಕುವವರು, ನನಗೆ ಗೊತ್ತಿಲ್ಲವೇ? ಸ್ಟೂಲ್ ಹಾಕಿಕೊಂಡು ಅವನ ಕೈಯನ್ನೇ ನೋಡುತ್ತ ಕುಳಿತೆ. ಅವನು ಚೀಲವನ್ನೂ ಬಿಚ್ಚಲಿಲ್ಲ. ಗೋಡೆಯ ಸಂದಿಯಲ್ಲಿ ಬೆರಳು ತೂರಿಸಲು ನೋಡಿದ, ತೂರಲಿಲ್ಲ.

"ಮಾಗೆ ಜಾಗಾಚ್ ನಾಹೀ, ಬಾಯೀ," ಎಂದ.

ಹಿಂದೆ ಜಾಗವೇ ಇಲ್ಲ. ಮಶೀನಿನ ಬಿಸಿ ಹೊರಗೆ ಹೋಗಲು ಹಿಂದೆ ಒಂದು ಗೇಣು ಬಿಡಬೇಕಂತೆ, ತಂದವನು ಹೇಳಿರಲಿಲ್ಲವೇ ಎಂದು ಕೇಳಿದ. ಹೇಳಿದ್ದ. ಮಾಗೆ ಅಂದರೆ ಮರಾಠಿಯಲ್ಲಿ ಹಿಂದೆ. ಈ ನೆಲದ ಮೇಲೆ ಇಡೀ ಜೀವ ತೇಯ್ದ ನನಗೆ ಅದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಅವಳು ಬಾಯಿ ತೆರೆದರೆ ನಾನು ಮಾತು ಕೇಳುತ್ತಿರಲಿಲ್ಲ, ತಪ್ಪು ಹುಡುಕುತ್ತಿದ್ದೆ. ಸರಿಯಾದ ಮಾತನ್ನು ತಿದ್ದಿ ಸುಳ್ಳು ಮಾಡಿದವಳು ನಾನು. ಮ್ಯಾಗ ಅಂದರೆ ಕನ್ನಡದಲ್ಲಿ ಹಿಂದೆ ಎಂದು ನಂಬಿ ಅವಳು ಅದನ್ನೇ ಹೇಳುತ್ತ ಬಂದಿದ್ದಳು. ಬಾಯಿಮಾತು ಸಾಲದೆಂದು ಕೈಯಾರೆ ಎಳೆದೂ ತೋರಿಸಿದ್ದಳು.

ಅವನು ಕೂಲರನ್ನು ಒಂದು ಗೇಣು ಮುಂದೆ ಎಳೆದು, ಹಿಂದಿನ ಧೂಳು ಒರೆಸಿ ಹೋದ. ಸಂಜೆಗೆ ಮಜ್ಜಿಗೆ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿತ್ತು. ಒಂದು ಲೋಟ ಹಿಡಿದು ಸೊಸೆಯ ಹತ್ತಿರ ಹೋದೆ.

"ನೀ ಅಂದಿದ್ದು ಖರೇ ಇತ್ತವಾ. ತಿದ್ದಿದಾಕಿ ನಾನಽ ತಪ್ಪಿದೆ. ಮ್ಯಾಗ ಅಂದ್ರ ಮರಾಠಿಯೊಳಗ ವರ್. ಮಾಗೆ ಅನ್ನೂದಕ್ಕ ನಾವು ಹಿಂದ ಅಂತೀವಿ."

ಅವಳು ಲೋಟ ತೆಗೆದುಕೊಂಡಳು. "ಹಿಂದ," ಎಂದಳು, ಮೆಲ್ಲಗೆ. ಒಂದು ಗುಟುಕು ಕುಡಿದು, "ಆತ್ರಿ ಅತ್ತಿ," ಎಂದೂ ಅಂದಳು. ನನ್ನ ಕಣ್ಣು ತುಂಬಿತು.

ಮರುದಿನ ಬೆಳಿಗ್ಗೆ ಹಿತ್ತಲಲ್ಲಿ ಅವಳ ದನಿ ಕೇಳಿತು. ಅವಳು ಮಾವಶಿ, ಚಿಕ್ಕಮ್ಮ, ಎಂದು ಕರೆಯುವ ಪಕ್ಕದ ಮನೆಯವರು ನಮ್ಮ ಹಾಗೆ ಕನ್ನಡದವರು. ಸೊಸೆ ಗೋಡೆಯ ಹತ್ತಿರ ನಿಂತು, ನನಗೆ ಕೇಳಬಾರದೆಂದು ದನಿ ಇಳಿಸಿ ವಿಚಾರಿಸುತ್ತಿದ್ದಳು:

"ಮಾವಶಿ, ಹಿಂದ ಅಂದ್ರ ಮಾಗೆನೇ ಹೌದಲ್ಲರಿ? ಖರೇ ಹೇಳ್ರಿ."