ಹಬೆ ಕೊಳವೆಗಳ ಕಂಬಳಿ ಅಕ್ಕ

ಆಗಷ್ಟೇ ಬೆಳಕು ಹರಿಯುತ್ತಿದೆ. ಆಸ್ಪತ್ರೆಯ ನೆಲದಡಿಯ ಸುರಂಗದಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಂಡ ಹೆಂಗಸೊಬ್ಬರು ಹಬೆ ಕೊಳವೆಯ ಪಕ್ಕದಲ್ಲೇ ಬಗ್ಗಿ ನಡೆಯುತ್ತಿದ್ದಾರೆ. ಅಲ್ಲಲ್ಲಿ ನಿಂತು, ಶಾಖ ಸೋರದಂತೆ ಕೊಳವೆಗೆ ಸುತ್ತಿದ ಹೊದಿಕೆಯ ಮೇಲೆ ಥರ್ಮಾಮೀಟರ್ ಒತ್ತುತ್ತಾರೆ. "ಇಲ್ಲಿ ಒದ್ದೆಯಾಗಿದೆ. ಒದ್ದೆ ಕಂಬಳಿ ಹೊದ್ರೆ ಚಳಿ ಬಿಡುತ್ತಾ?" ಎಂದು ನಗುತ್ತಾರೆ. ಬಾಯ್ಲರ್ ಮನೆಯಿಂದ ಅಡುಗೆಮನೆಯವರೆಗೆ ಎಲ್ಲರ ಬಾಯಲ್ಲೂ ಇವರು 'ಕಂಬಳಿ ಅಕ್ಕ'.

ಮೊದಲು ಇಲ್ಲೇ ಬಟ್ಟೆ ಒಗೆಯುತ್ತಿದ್ದವರು. ಹಾಸಿಗೆ ಬಟ್ಟೆಯ ಗಂಟು ಹೊತ್ತು ತಿರುಗುವಾಗ ಬರಿಮೈ ಕೊಳವೆ ತಾಗಿ ಮೊಳಕೈ ಚರ್ಮ ಸುಲಿಯಿತು. ಗಾಯ ಮಾಯ್ದ ಮೇಲೆ ಹೋಗಿ ಕೇಳಿದರು: "ಇದಕ್ಕೇನಾದ್ರೂ ಸುತ್ತೋಕಾಗಲ್ವಾ ಸಾರ್?" ಆಗಿನ ಇಂಜಿನಿಯರ್, "ಕಲಿಸ್ತೀನಿ, ನೀವೇ ಸುತ್ತಿ" ಎಂದರು. ಜೊತೆಗೆ ಲೆಕ್ಕವನ್ನೂ ಕಲಿಸಿದರು. ಕೊಳವೆಯ ದಪ್ಪ, ಉದ್ದ, ಅದರ ಮೈಬಿಸಿ, ಸುತ್ತಲಿನ ಗಾಳಿಯ ಬಿಸಿ ತಿಳಿದರೆ ಸೋರುವ ಶಾಖವನ್ನು ಅಂದಾಜು ಮಾಡಬಹುದು. "ಈ ಪೈಪು ಮೂರು ಮೀಟರ್ ಬರಿಮೈಲಿದ್ರೆ, ಒಂದು ರೂಮ್ ಹೀಟರ್ ಹಗಲೂ ರಾತ್ರಿ ಸುಮ್ನೆ ಉರಿದ ಹಾಗೆ. ಚೆನ್ನಾಗಿ ಸುತ್ತಿದ್ರೆ ಹತ್ತರಲ್ಲಿ ಒಂದು ಪಾಲು ಹೋದ್ರೆ ಹೆಚ್ಚು," ಎಂದು ಅಕ್ಕ ಈಗ ಲೆಕ್ಕ ಒಪ್ಪಿಸುತ್ತಾರೆ.

ಕಳೆದ ಚಳಿಗಾಲ ಹೆರಿಗೆ ವಾರ್ಡಿನ ಬಿಸಿನೀರಿನ ನಲ್ಲಿಯಲ್ಲಿ ತಣ್ಣೀರೇ ಬರತೊಡಗಿತು. ಕೂಸುಗಳ ಸ್ನಾನಕ್ಕೆ ದಾದಿಯರು ಕೆಟಲ್‌ನಲ್ಲಿ ನೀರು ಕಾಯಿಸಿ ಹೊತ್ತರು. ಒಬ್ಬರ ಕೈ ಬೆಂದಿತು. ಬಾಯ್ಲರಿಗೆ ವಯಸ್ಸಾಯಿತು, ಹೊಸದು ಬರುವವರೆಗೆ ವಾರ್ಡು ಮುಚ್ಚೋಣ ಎಂಬ ಮಾತು ಎದ್ದಿತು. ಅಕ್ಕ ಮತ್ತು ಈಗಿನ ಇಂಜಿನಿಯರ್ ಕೊಳವೆಯ ಜಾಡು ಹಿಡಿದು ಹೊರಟರು. ಕೊನೆಯ ತಿರುವಿನಾಚೆ, ಸೋರಿಕೆ ರಿಪೇರಿಗೆ ಬಂದವರು ಯಾವತ್ತೋ ಹೊದಿಕೆ ಬಿಚ್ಚಿ ಹಾಗೇ ಬಿಟ್ಟು ಹೋಗಿದ್ದರು. ವಾರ್ಡಿನ ನೀರು ಕಾಯಿಸಬೇಕಾದ ಹಬೆ ದಾರಿಯಲ್ಲೇ ತಣಿಯುತ್ತಿತ್ತು. ಅಲ್ಲಿ ಎಷ್ಟು ಶಾಖ ಸೋರುತ್ತಿದೆ, ವಾರ್ಡಿನ ನೀರು ತಣ್ಣಗಾಗಲು ಅಷ್ಟೇ ಸಾಕೇ ಎಂದು ಇಬ್ಬರೂ ಬೇರೆ ಬೇರೆಯಾಗಿ ಅಂದಾಜು ಹಾಕಿದರು. ಎರಡೂ ಹೆಚ್ಚುಕಮ್ಮಿ ತಾಳೆಯಾದವು: ತಪ್ಪು ಬಾಯ್ಲರಿನದಲ್ಲ. "ಆದ್ರೂ ಲೆಕ್ಕ ತಪ್ಪಿದ್ರೆ ವಾರ್ಡು ಮುಚ್ಚೋದೇ ಗತಿ," ಎನ್ನುತ್ತಾರೆ ಅಕ್ಕ.

ಶಾಖ ತಡೆಯುವ ಖನಿಜ ಉಣ್ಣೆ ಸುತ್ತಿ, ತಂತಿ ಬಿಗಿದು, ತಗಡು ಹೊದಿಸಿ ಅಕ್ಕ ಮೈಮುರಿದು ಏಳುವಷ್ಟರಲ್ಲಿ ಸಂಜೆಯಾಗಿತ್ತು. ಆಮೇಲೆ ವಾರ್ಡಿನಿಂದ ಫೋನು: "ಅಕ್ಕಾ, ನೀರು ಸುಡ್ತಿದೆ! ತಣ್ಣೀರು ಬೆರೆಸ್ಕೊಂಡ್ವಿ!" ಅಕ್ಕ ಅಲ್ಲೇ ಗೋಡೆಗೊರಗಿ ಕೂತುಬಿಟ್ಟರಂತೆ.

ಮನೆಯಲ್ಲಿ ಅತ್ತೆಯದು ಬೇರೆಯೇ ರಾಗ. "ನನ್ನ ಕಾಲಿಗೆ ಕಂಬಳಿ ಎಳೆಯೋಕೆ ಪುರುಸೊತ್ತಿಲ್ಲ, ಪೈಪು ಮಾತ್ರ ಬೆಚ್ಚಗಿರಬೇಕು," ಎನ್ನುತ್ತಾರೆ. ಹಾಗೆನ್ನುತ್ತಲೇ ಸೊಸೆಯ ಮೈಗಂಟಿದ ಉಣ್ಣೆ ಎಳೆಗಳನ್ನು ಒಂದೊಂದಾಗಿ ಹೆಕ್ಕುತ್ತಾರೆ.

ಏನಾದರೂ ಆಸೆ ಇದೆಯೇ ಎಂದರೆ ಅಕ್ಕ ಸ್ವಲ್ಪ ನಾಚುತ್ತಾರೆ. "ಒಂದ್ಸಲ ಮೇಲೆ ಹೋಗಿ ಆ ಕೂಸುಗಳಿಗೆ ನೀರು ಹಾಕೋದನ್ನ ಕಣ್ಣಾರೆ ನೋಡಬೇಕು. ಈ ಧೂಳಿನ ಬಟ್ಟೇಲಿ ಒಳಗೆ ಬಿಡಲ್ಲ. ಬಿಡಲೂಬಾರದು. ರಜೆ ದಿನ ಸ್ನಾನ ಮಾಡ್ಕೊಂಡು, ಒಳ್ಳೇ ಸೀರೆ ಉಟ್ಕೊಂಡು ಬರ್ತೀನಿ."